ಗಿಡುಗ ತಾನಾಗಿ ಬಂದು ಕೂತ ದಿನ

ಆ ವರ್ಷ ಫರ್ಜಾನಿಯ ಬಲೆಗೆ ಒಂದು ಗಿಡುಗವೂ ಬೀಳಲಿಲ್ಲ.

ಗಿಡುಗ ಹಿಡಿಯುವುದಕ್ಕೇ ಹೆಸರಾದ, ಆಫ್ರಿಕದ ಉತ್ತರ ಕಡಲಂಚಿನ ಹವಾರಿಯಾದಂಥ ಊರಿನಲ್ಲಿ ಇದೇನೂ ಸಣ್ಣ ಸುದ್ದಿಯಲ್ಲ. ಮೂವತ್ತೊಂದು ವಸಂತ ಒಂದನ್ನೂ ತಪ್ಪಿಸದೆ ಊರ ಹಿಂದಿನ ಬೆಟ್ಟ ಹತ್ತಿ, ಪ್ರತಿ ಸಲವೂ ಮುಂಗೈ ಮೇಲೆ ಗಿಡುಗವನ್ನು ಕೂರಿಸಿಕೊಂಡೇ ಇಳಿದವನು ಅವನು. ಹಿಡಿದದ್ದನ್ನು ಒಂದು ವಾರದಲ್ಲಿ ಪಳಗಿಸಬೇಕು, ಗೋಧಿ ಹೊಲಗಳಲ್ಲಿ ಅದರ ಜೊತೆ ಲಾವಕ್ಕಿ ಬೇಟೆಯಾಡಬೇಕು, ಕೊಯ್ಲು ಮುಗಿಯುತ್ತಿದ್ದಂತೆ ಅದೇ ಬೆಟ್ಟದ ನೆತ್ತಿಗೆ ಒಯ್ದು ಬಿಟ್ಟುಬಿಡಬೇಕು. ಅಪ್ಪ ಮಾಡಿದ್ದು ಹಾಗೆ, ಅಜ್ಜ ಮಾಡಿದ್ದೂ ಹಾಗೆ. ಹೊಟ್ಟೆಪಾಡಿಗೆ ಫರ್ಜಾನಿ ಬಂದರಿನಲ್ಲಿ ದೋಣಿಗಳ ಎಂಜಿನ್ ರಿಪೇರಿ ಮಾಡುತ್ತಿದ್ದ. ಆದರೆ ಅವನ ಮನೆಯ ವರ್ಷ ಎಂಜಿನ್ನುಗಳ ಲೆಕ್ಕದಲ್ಲಿ ಉರುಳುತ್ತಿರಲಿಲ್ಲ. ಮೊದಲ ಮಳೆ ಬಿದ್ದರೆ ಹೆಂಡತಿ ಸಾಲ್ಹಾ ಉದ್ದ ದಾರದ ಗಾಳಗಳನ್ನು ಬಿಚ್ಚಿ ಎಣ್ಣೆ ಸವರುತ್ತಿದ್ದಳು. ಚಳಿಗಾಲಕ್ಕೆ ಅವಳ ತಮ್ಮ ಜಲ್ಲೂಲ್ ನಾಯಿಗಳನ್ನು ಕರೆದುಕೊಂಡು ಬಂದು, ಭಾವನ ಜೊತೆ ಕೌಜುಗದ ಬೇಟೆಗೆ ಹೋಗುತ್ತಿದ್ದ. ಬೇಸಿಗೆಯಲ್ಲಿ ಮಗಳು ವಿದಾದ್ ಬಂಡೆ ಸಂದಿಗೆ ಕೈ ಹಾಕಿ ಆಕ್ಟೋಪಸ್ ಎಳೆದು, ಕಲ್ಲಿಗೆ ಬಡಿದು ಮೆತ್ತಗೆ ಮಾಡುತ್ತಿದ್ದಳು. ವಸಂತ ಮಾತ್ರ ಫರ್ಜಾನಿಯದು. ಆಗ ಅವನನ್ನು ಯಾರೂ ಯಾವ ಕೆಲಸಕ್ಕೂ ಕರೆಯುತ್ತಿರಲಿಲ್ಲ.

ಈ ಸಲ ಬೆಟ್ಟದ ಮೇಲೆ ಹದಿನೇಳು ದಿನ ಕಳೆದಿದ್ದ. ಗಿಡುಗ ಹಿಡಿಯಲು ಸರ್ಕಾರ ಕೊಟ್ಟಿದ್ದ ಗಡುವು ಶುಕ್ರವಾರಕ್ಕೆ ಮುಗಿಯುತ್ತಿತ್ತು. ಎರಡು ಪೊದೆಗಳ ನಡುವೆ ಜೇಡರ ಬಲೆಯಷ್ಟು ತೆಳ್ಳಗಿನ ಬಲೆ, ಅದರ ಮುಂದೆ ದಾರ ಕಟ್ಟಿದ ಗುಬ್ಬಿ, ಇಪ್ಪತ್ತು ಹೆಜ್ಜೆ ಹಿಂದೆ ಕಲ್ಲು ಪೇರಿಸಿದ ಮರೆ. ಮರೆಯಲ್ಲಿ ಕೂತು ದೂರದಿಂದಲೇ ಗಿಡುಗವನ್ನು ಕಂಡು, ಸರಿಯಾದ ಕ್ಷಣಕ್ಕೆ ದಾರ ಜಗ್ಗಬೇಕು. ಗುಬ್ಬಿ ಪಟಪಟ ಎಂದರೆ ಗಿಡುಗ ಎರಗುತ್ತದೆ. ತುಸು ತಡವಾದರೂ ಅದು ತಲೆ ಮೇಲಿಂದ ಹಾದುಹೋಗಿ ಸಮುದ್ರದ ಕಡೆ ಸಾಗಿಬಿಡುತ್ತದೆ. ಫರ್ಜಾನಿಗೆ ಈ ಸಲ ಗಿಡುಗಗಳು ಕಾಣುತ್ತಿದ್ದದ್ದೇ ತಲೆ ಮೇಲೆ ಬಂದಾಗ. ದೂರದ ಆಕಾಶವೆಲ್ಲ ಹಾಲು ಚೆಲ್ಲಿದ ಗಾಜಿನಂತೆ. ಹತ್ತಿರದ್ದೆಲ್ಲ ಚೆನ್ನಾಗಿಯೇ ಕಾಣುತ್ತಿತ್ತು. ಎಂಜಿನ್ನಿನ ಸಣ್ಣ ತಿರುಪು, ಗಾಳದ ಮೊನೆ, ಸಾಲ್ಹಾಳ ಹಣೆಯ ಗೆರೆ, ಯಾವುದೂ ಮಸುಕಾಗಿರಲಿಲ್ಲ. ಹಾಗಾಗಿ ಯಾರಿಗೂ ಏನೂ ಹೇಳದೆ ನಡೆಸಿಕೊಂಡು ಬಂದಿದ್ದ.

ಬುಧವಾರ ಸಂಜೆ ಬೆಟ್ಟ ಇಳಿದು ಕಾಫಿ ಅಂಗಡಿಯ ಮುಂದೆ ಹಾದುಹೋಗುವಾಗ ಜಲ್ಲೂಲ್ ಕೂಗಿದ. ಅವನ ಎಡ ಮುಂಗೈ ಮೇಲೆ, ಮೊದಲ ದಿನವೇ ಹಿಡಿದ ಗಿಡುಗ ಜನರ ಗದ್ದಲಕ್ಕೆ ಆಗಲೇ ಒಗ್ಗಿ ಒಂದು ಕಾಲಿನ ಮೇಲೆ ನಿಂತಿತ್ತು.

"ಏನ್ ಭಾವ, ಇವತ್ತೂ ಬರಿಗೈನಾ?"

"ಗಾಳಿ ಸರಿಗಿಲ್ಲ."

"ನಂಗೂ ಅದೇ ಗಾಳಿ ಬೀಸಿದ್ದು. ಬೇಕಾದ್ರೆ ಹೇಳು, ನನ್ ಗಿಡುಗಾನ ಒಂದಿನ ನಿನ್ ಕೈ ಮೇಲೆ ಕೂರಿಸ್ತೀನಿ. ಕೈಗೆ ಮರೆತುಹೋಗ್ಬಾರ್ದಲ್ಲ."

ಅಂಗಡಿಯಲ್ಲಿದ್ದವರೆಲ್ಲ ನಕ್ಕರು. ಫರ್ಜಾನಿಯೂ ನಕ್ಕ. ಮನೆಗೆ ಬಂದು ಬಲೆಯನ್ನು ಮೂಲೆಗೆ ಎಸೆದ ರೀತಿಯಲ್ಲೇ ಸಾಲ್ಹಾಗೆ ಎಲ್ಲ ಅರ್ಥವಾಯಿತು.

"ಬೆಟ್ಟ ಎಲ್ಲೂ ಓಡ್ಹೋಗಲ್ಲ," ಎಂದಳು ರೊಟ್ಟಿ ಮುರಿಯುತ್ತ. "ಕೆಂಪು ಮೀನು ದಡದ ಹತ್ರ ಬಂದು ನಾಲ್ಕು ದಿನ ಆಯ್ತು. ನಾಳೆ ದೋಣಿ ತೆಗಿ. ನೀನು ತೆಗೀದಿದ್ರೆ ನಾನೂ ವಿದಾದೂ ಈಜ್ಕೊಂಡೇ ಹೋಗ್ತೀವಿ."

"ನಾಳೆ ಒಂದಿನ ಬಿಟ್ರೆ ಉಳಿಯೋದು ಶುಕ್ರವಾರ ಮಾತ್ರ."

"ಹದಿನೇಳು ದಿನದಲ್ಲಿ ಬರ್ದೇ ಇದ್ದಿದ್ದು ಹದಿನೆಂಟನೇ ದಿನಕ್ಕೆ ನಿನ್ ಹೆಸ್ರು ಕೇಳ್ಕೊಂಡು ಬರುತ್ತಾ?"

ವಿದಾದ್ ತಟ್ಟೆಯ ಮೇಲೆ ಬಗ್ಗಿ ನಗು ಮುಚ್ಚಿಕೊಂಡಳು. ಅವಳಿಗೆ ಇಪ್ಪತ್ತೇಳು ವರ್ಷ. ಕೆಲೀಬಿಯಾದ ಶಾಲೆಯಲ್ಲಿ ಗಣಿತ ಹೇಳಿಕೊಡುತ್ತಾಳೆ. ವಸಂತದ ರಜೆ ಬಂದರೆ ಸಾಕು, ಶಾಲೆಯ ಚೀಲವನ್ನು ಬಾಗಿಲ ಹಿಂದೆ ನೇತುಹಾಕಿ ಗಾಳದ ಪೆಟ್ಟಿಗೆ ತೆಗೆಯುತ್ತಿದ್ದಳು.

ಗುರುವಾರ ಬೆಳಕು ಹರಿಯುವ ಹೊತ್ತಿಗೆ ಮೂವರೂ ಬಂದರು ಬಿಟ್ಟರು. ದಕ್ಷಿಣದ ಬೆಚ್ಚನೆ ಗಾಳಿ ಬೆನ್ನಿಗೆ ಬೀಸುತ್ತಿತ್ತು. ಹಕ್ಕಿಗಳು ಆಫ್ರಿಕದ ನೆಲ ಬಿಟ್ಟು ಸಿಸಿಲಿಯ ಕಡೆ ಹಾರಲು ಕಾಯುವುದು ಇಂಥ ಗಾಳಿಗೇ. ಅದು ಬೆನ್ನಿಗೆ ತಾಗುತ್ತಲೇ ಫರ್ಜಾನಿ ತಿರುಗಿ ಬೆಟ್ಟದ ನೆತ್ತಿಯ ಕಡೆ ನೋಡಿದ. ಬೆಟ್ಟದ ಮೇಲಿರಬೇಕಾದ ದಿನ ಇಲ್ಲಿ ಮೀನಿಗೆ ಕೂರುವುದೆಂದರೆ! ಆದರೂ ದಡಕ್ಕೂ ಜೆಂಬ್ರಾ ದ್ವೀಪಕ್ಕೂ ನಡುವೆ ನೀರಿನಡಿ ಬಂಡೆಗಳಿರುವ ಜಾಗಕ್ಕೆ ದೋಣಿ ತಂದು ಲಂಗರು ಹಾಕಿದ.

ಮೀನು ಕಚ್ಚತೊಡಗಿದವು. ಸಾರ್ಡೀನ್ ತುಂಡು ಸಿಕ್ಕಿಸಿ ಬಿಟ್ಟರೆ ಗಾಳ ತಳ ಮುಟ್ಟುವುದಕ್ಕೇ ಪುರುಸೊತ್ತಿಲ್ಲ. ಸಾಲ್ಹಾ ಒಂದರ ಮೇಲೊಂದು ಎಳೆದಳು. ಅಂಗೈಯಗಲದ ಗುಲಾಬಿ ಕೆಂಪು ಮೀನುಗಳು ಬುಟ್ಟಿಯಲ್ಲಿ ಬಾಲ ಬಡಿಯುತ್ತಿದ್ದವು.

"ಎಂಟು," ಎಂದಳು ಸಾಲ್ಹಾ. "ನಿಂದೆಷ್ಟು?"

"ಎರಡು."

"ಗಾಳಿ ಸರಿಗಿಲ್ಲ ಅನ್ಸುತ್ತೆ."

ಫರ್ಜಾನಿಗೂ ನಗು ತಡೆಯಲಾಗಲಿಲ್ಲ. ಮೀನಿನ ವಾಸನೆ, ಹೆಂಡತಿಯ ಕೊಂಕು, ಹರೀಸಾ ಖಾರ ಸವರಿದ ರೊಟ್ಟಿ ಸೇರಿ ಅವನ ಮನಸ್ಸು ನಿಧಾನಕ್ಕೆ ಸಡಿಲವಾಯಿತು. ಅಷ್ಟರಲ್ಲಿ ವಿದಾದ್ ತಲೆ ಎತ್ತಿ, "ಬಾಬಾ, ಹೇಳು, ಎಷ್ಟು?" ಎಂದಳು.

ಅದು ಅವಳು ಹುಡುಗಿಯಾಗಿದ್ದಾಗಿನ ಆಟ. ಮೇಲೆ ಹಾದುಹೋಗುವ ಹಿಂಡನ್ನು ಅಪ್ಪ ಕಣ್ಣಳತೆಯಲ್ಲಿ ಇಷ್ಟೆಂದು ಹೇಳಬೇಕು, ಅವಳು ಎಣಿಸಿ ನೋಡಬೇಕು. ಐದು ಹೆಚ್ಚುಕಡಿಮೆ ಆದದ್ದೇ ಅಪರೂಪ. ಫರ್ಜಾನಿ ತಲೆ ಎತ್ತಿದ. ಬಿಳುಪಿನಲ್ಲಿ ಒಂದಿಷ್ಟು ಬೂದು ಚುಕ್ಕೆ ಅಲುಗಿದಂತಾಯಿತು.

"ಒಂದ್ ಮೂವತ್ತು," ಎಂದ.

ವಿದಾದ್ ಮೇಲೆ ನೋಡಿದಳು. ನೆತ್ತಿಯ ಮೇಲೆ, ದಡದಿಂದ ದ್ವೀಪದವರೆಗೆ, ದೊಡ್ಡ ಹದ್ದುಗಳ ಒಂದು ಹೊಳೆಯೇ ಹರಿಯುತ್ತಿತ್ತು. ಮುನ್ನೂರಕ್ಕೆ ಕಡಿಮೆ ಇರಲಿಲ್ಲ. "ಸರಿ ಬಾಬಾ, ಮೂವತ್ತೇ," ಎಂದಳು ಮೆತ್ತಗೆ. ಆ ಮೆತ್ತಗಿನ ದನಿಯಲ್ಲೇ ತನ್ನ ಗುಟ್ಟು ಹೊರಬಿತ್ತೆಂದು ಫರ್ಜಾನಿಗೆ ಗೊತ್ತಾಯಿತು. ಅವನು ಗಾಳದ ಕಡೆ ತಿರುಗಿಕೊಂಡ.

ಹತ್ತು ಗಂಟೆಯ ಸುಮಾರಿಗೆ ಗಾಳಿ ನಿಂತಿತು. ಬೆನ್ನಿನ ಮೇಲಿದ್ದ ಬೆಚ್ಚನೆ ಕೈಯನ್ನು ಯಾರೋ ಹಿಂದಕ್ಕೆ ತೆಗೆದಂತೆ. ನೀರು ಎಣ್ಣೆಯ ಹಾಗೆ ಸಪಾಟಾಯಿತು. ಮರುಗಳಿಗೆಗೆ ವಾಯವ್ಯದಿಂದ ಒಂದು ತಣ್ಣನೆ ಉಸಿರು ಬಂದು ಫರ್ಜಾನಿಯ ಕತ್ತಿಗೆ ತಾಗಿತು. ಅವನು ಕೂಡಲೇ ಎದ್ದು ಲಂಗರಿನ ಹಗ್ಗಕ್ಕೆ ಕೈ ಹಾಕಿದ.

"ಇನ್ನೂ ಕಚ್ತಾ ಇವೆಯಲ್ಲೋ!" ಎಂದಳು ಸಾಲ್ಹಾ.

"ಸಾಕು, ದಾರ ಸುತ್ತು. ದ್ವೀಪದ ಕಡೆ ಏನಾದ್ರೂ ಕಾಣುತ್ತಾ ನೋಡು."

ಸಾಲ್ಹಾ ತಿರುಗಿದಳು. ದ್ವೀಪವೇ ಇರಲಿಲ್ಲ. ಅದಿದ್ದ ಜಾಗದಲ್ಲಿ ನೀರಿನಿಂದ ಮೋಡದವರೆಗೆ ಸೀಸದ ಬಣ್ಣದ ಗೋಡೆ ಎದ್ದು ಇತ್ತಲೇ ಬರುತ್ತಿತ್ತು. ಅವಳು ಸರಸರನೆ ದಾರ ಸುತ್ತತೊಡಗಿದಳು.

ಲಂಗರು ದೋಣಿಗೆ ಬಿದ್ದ ಹೊತ್ತಿಗೆ ಮಳೆ ಹನಿ ಶುರುವಾಗಿ ಅಲೆಗಳು ಎದ್ದಿದ್ದವು. ಆಗ ವಿದಾದ್ ಅಪ್ಪನ ತೋಳು ಹಿಡಿದಳು.

"ಬಾಬಾ... ಹೋದವೆಲ್ಲ ವಾಪಸ್ ಬರ್ತಾ ಇವೆ."

"ಎಲ್ಲಿ?"

"ಎಲ್ಲಾ ಕಡೆ. ನೀರಿಗೆ ತಾಗ್ಕೊಂಡೇ ಬರ್ತಿವೆ."

ಮೊದಲು ಬಂದದ್ದು ಒಂದು ಕಳ್ಳಿಪೀರ. ಹಸಿರು, ನೀಲಿ, ಹಳದಿ, ಕಂದು ಬಣ್ಣಗಳನ್ನೆಲ್ಲ ಮಳೆಯಲ್ಲಿ ನೆನೆಸಿಕೊಂಡು ಬಂದು ಸಾಲ್ಹಾಳ ಮಣಿಕಟ್ಟಿನ ಮೇಲೆ ಕೂತಿತು. ಅವಳು ಕೈ ಅಲುಗಿಸದೆ, ಬಾಯಿ ತೆರೆದು ಗಂಡನ ಮುಖ ನೋಡಿದಳು. ಆಮೇಲೆ ಕವಲುಬಾಲದ ಸಣ್ಣ ಹಕ್ಕಿಗಳು ಹಗ್ಗದ ಉದ್ದಕ್ಕೂ ಒತ್ತೊತ್ತಾಗಿ ಕೂತವು. ಎರಡು ಬೆಳವಗಳು ಹುಟ್ಟಿನ ಮೇಲೆ ಇಳಿದವು. ಒಂದು ಲಾವಕ್ಕಿ ಕಲ್ಲೆಸೆದಂತೆ ಬಂದು ಮೀನಿನ ಬುಟ್ಟಿಗೆ ಬಿತ್ತು, ಇನ್ನೂ ಬಾಯಿ ಆಡಿಸುತ್ತಿದ್ದ ಮೀನಿನ ಮೇಲೇ ಕೂತು ಕಣ್ಣು ಮುಚ್ಚಿತು. ಚಂದ್ರಮುಕುಟವೊಂದು ಎಂಜಿನ್ನಿನ ಮೇಲೆ ಇಳಿದು ಜುಟ್ಟು ಬಿಚ್ಚಿ ಮಡಚಿತು. ಎಣಿಸಲು ಹೊರಟ ವಿದಾದ್ ಐವತ್ತರ ಆಚೆ ಬಿಟ್ಟುಬಿಟ್ಟಳು. ಅವಳ ತಲೆಬಟ್ಟೆಯ ಮೇಲೆ ಮೂರು, ಭುಜದ ಮೇಲೆ ಎರಡು ಕೂತಿದ್ದವು.

ಫರ್ಜಾನಿ ಎಂಜಿನ್ ಶುರು ಮಾಡಿದ. ಸದ್ದಿಗೆ ಎಲ್ಲ ಹಾರಿಹೋಗುತ್ತವೆ ಎಂದುಕೊಂಡಿದ್ದ. ಒಂದೂ ಅಲುಗಲಿಲ್ಲ. ಚಂದ್ರಮುಕುಟ ಕೂಡ ನಡುಗುವ ಎಂಜಿನ್ನಿನ ಮೇಲೆ ತಾನೂ ನಡುಗುತ್ತ ಕೂತೇ ಇತ್ತು.

ಆಮೇಲೆ ದೊಡ್ಡವು ಬಂದವು. ಕಂದು ಬಣ್ಣದ ಹದ್ದೊಂದು ಮುಂತುದಿಯ ಮೇಲೆ ಇಳಿದಾಗ ದೋಣಿ ಒಂದಿಷ್ಟು ತಗ್ಗಿತೆಂದು ಸಾಲ್ಹಾ ಇವತ್ತಿಗೂ ಆಣೆ ಇಟ್ಟು ಹೇಳುತ್ತಾಳೆ. ಅದು ರೆಕ್ಕೆಗಳನ್ನು ಪೂರ್ತಿ ಮಡಚಲೂ ಆಗದೆ, ಒದ್ದೆ ಕೊಡೆಯ ಹಾಗೆ ಅರ್ಧ ಬಿಚ್ಚಿಕೊಂಡೇ ಕೂತಿತು. ಅದರ ರೆಕ್ಕೆಯಡಿಯಲ್ಲಿ ಕವಲುಬಾಲದ ಹಕ್ಕಿಗಳು ಮಳೆಗೆ ಮರೆ ಸಿಕ್ಕಿತೆಂದು ಸರಿದು ನಿಂತವು. ಯಾರೂ ಯಾರನ್ನೂ ಕುಕ್ಕಲಿಲ್ಲ. ಒಂದು ಹಕ್ಕಿಯೂ ಕೂಗಲಿಲ್ಲ. ಗಾಳಿಯ ಸದ್ದು, ಎಂಜಿನ್ನಿನ ಸದ್ದು, ಅವುಗಳ ನಡುವೆ ನೂರಾರು ಸಣ್ಣ ಉಗುರುಗಳು ಮರವನ್ನು ಹಿಡಿದುಕೊಳ್ಳುವ ಕಿರಕಿರ ಸದ್ದು.

"ಸುಬ್‌ಹಾನಲ್ಲಾ," ಎಂದಳು ಸಾಲ್ಹಾ. ಮತ್ತೆ ಮತ್ತೆ ಆ ದೇವಸ್ತುತಿಯನ್ನೇ ಅಂದಳು, ಬೇರೆ ಮಾತು ಮರೆತುಹೋದವಳಂತೆ.

ಆಗ ಫರ್ಜಾನಿಯ ಮೊಣಕಾಲಿಗೆ ಏನೋ ಬಂದು ಬಡಿಯಿತು. ಜಾರಿತು, ಅಂಗಿಯನ್ನು ಹಿಡಿಯಿತು, ಉಗುರಿನಿಂದ ಹೆಜ್ಜೆ ಹೆಜ್ಜೆಗೂ ಬಟ್ಟೆ ಚುಚ್ಚುತ್ತ ಮೇಲೆ ಹತ್ತಿ ಅವನ ಎಡ ಮುಂಗೈ ಮೇಲೆ ನಿಂತಿತು.

ಹೆಣ್ಣು ಗಿಡುಗ. ಬೆನ್ನು ಮಳೆಮೋಡದ ಬಣ್ಣ, ಎದೆಯ ಮೇಲೆ ಒಂದೇ ಅಳತೆಯ ಅಡ್ಡಗೆರೆಗಳು. ಮೂವತ್ತೊಂದು ವರ್ಷದಲ್ಲಿ ಇಷ್ಟು ದೊಡ್ಡದನ್ನು ಅವನು ಕಂಡಿರಲಿಲ್ಲ. ಕಣ್ಣಿಗೆ ಒಂದು ಗೇಣು ದೂರದಲ್ಲಿದ್ದುದರಿಂದ ಅದರ ಒಂದೊಂದು ಗರಿಯೂ ಅವನಿಗೆ ಸ್ಪಷ್ಟವಾಗಿ ಕಂಡಿತು. ಅದರ ಹಳದಿ ಕಣ್ಣಿನೊಳಗೆ ಬೀಳುತ್ತಿದ್ದ ಮಳೆಯೂ ಕಂಡಿತು. ಅವನು ಹಿಡಿದ ಗಿಡುಗಗಳೆಲ್ಲ ಮೊದಲ ಗಳಿಗೆಯಲ್ಲಿ ಅವನನ್ನು ನೋಡಿದ್ದು ಒಂದೇ ಥರ, ಸಿಟ್ಟು ಮತ್ತು ಭಯ ಎರಡೂ ಒಟ್ಟಾಗಿ. ಇದರ ನೋಟದಲ್ಲಿ ಎರಡೂ ಇರಲಿಲ್ಲ. ಅವನೂ ಒಂದು ಬಂಡೆಯೋ ಮರದ ಕೊಂಬೆಯೋ ಎಂಬಂತೆ, ಹಿಡಿದುಕೊಳ್ಳಲು ಸಿಕ್ಕಿತಲ್ಲ, ಅಷ್ಟೇ ಸಾಕು ಎಂಬಂತೆ ನಿಂತಿತ್ತು. ಅದರ ಎದೆಬಡಿತ ಕಾಲಿಗಿಳಿದು, ಉಗುರಿಗಿಳಿದು, ಅವನ ಮೂಳೆಯವರೆಗೆ ಬರುತ್ತಿತ್ತು. ಕೈಯಳತೆಯಲ್ಲಿ ಬುಟ್ಟಿಯೊಳಗಿನ ಲಾವಕ್ಕಿ ಕೂತಿತ್ತು. ಗಿಡುಗ ಅದನ್ನು ನೋಡಿತು. ಲಾವಕ್ಕಿಯೂ ಕಣ್ಣು ಬಿಟ್ಟು ಇದನ್ನು ನೋಡಿತು. ಮತ್ತೆ ಎರಡೂ ಕಣ್ಣು ಮುಚ್ಚಿದವು.

ಫರ್ಜಾನಿ ಮುಂಗೈಯನ್ನು ಎದೆಗೆ ಹತ್ತಿರ ತಂದುಕೊಂಡ. ಅವನು ಹೆದರಿದ್ದು ಅಲೆಗಲ್ಲ. ತಾನು ನೋಡಬಾರದ ಏನನ್ನೋ ನೋಡಿಬಿಟ್ಟೆನೆಂಬ ಭಾವ ಅವನನ್ನು ಹಿಡಿದುಕೊಂಡಿತ್ತು.

"ಬಾಬಾ, ನೀರಲ್ಲಿ!" ಎಂದು ವಿದಾದ್ ಕಿರುಚಿದಳು.

ದೋಣಿಯ ಸುತ್ತ ಹಕ್ಕಿಗಳು ಅಲೆಗೆ ಬೀಳುತ್ತಿದ್ದವು. ರೆಕ್ಕೆ ಹರಡಿಕೊಂಡು ಒಂದು ಅಲೆ ತೇಲುತ್ತಿದ್ದವು, ಎರಡನೆಯ ಅಲೆಗೆ ಇರುತ್ತಿರಲಿಲ್ಲ. ಸಾಲ್ಹಾ ಮೀನು ಎತ್ತುವ ಹಿಡಿಬಲೆಯನ್ನು ಕಸಿದುಕೊಂಡು ದೋಣಿಯ ಅಂಚಿಗೆ ಬಗ್ಗಿದಳು. ಒಂದು ಲಾವಕ್ಕಿಯನ್ನು ಎತ್ತಿದಳು. ಎರಡು ಬೆಳವಗಳನ್ನು ಎತ್ತಿದಳು. ವಿದಾದ್ ಅವಳ ಸೊಂಟ ಹಿಡಿದುಕೊಂಡಳು. ಎತ್ತಿದ್ದನ್ನು ಸಾಲ್ಹಾ ನೋಡದೆಯೇ ಹಿಂದಕ್ಕೆ ಸುರಿಯುತ್ತಿದ್ದಳು, ಮೀನು ಸುರಿದಂತೆ. ಮೂವತ್ತು ವರ್ಷ ಅದೇ ಕೈಯಿಂದ ಲಾವಕ್ಕಿಯ ಪುಕ್ಕ ತರಿದು ಸಾರು ಮಾಡಿದವಳು ಅವಳು. ಈಗ ಒಂದು ಕೈತಪ್ಪಿ ಮುಳುಗಿದಾಗ ಹತ್ತಿರದವರು ಹೋದಂತೆ, "ಅಯ್ಯೋ, ಹೋಯ್ತಲ್ಲೇ!" ಎಂದು ಅತ್ತಳು.

ಮಳೆ ದಟ್ಟವಾಯಿತು. ಫರ್ಜಾನಿ ಬಲಗೈಯಲ್ಲಿ ಚುಕ್ಕಾಣಿ ಹಿಡಿದು ಮುಂದೆ ನೋಡಿದ. ಬಿಳುಪು ಬಿಟ್ಟು ಏನೂ ಇರಲಿಲ್ಲ. ಬಂದರಿನ ಬಾಯಿಯ ಎಡಕ್ಕೆ ಚೂಪು ಬಂಡೆಗಳ ಸಾಲಿದೆ. ಅದನ್ನು ಕಾಣದೆ ಹೋಗುವುದೆಂದರೆ ಮೂವರನ್ನೂ ಕೊಂದಂತೆ.

"ವಿದಾದ್, ಇಲ್ಲಿ ಬಾ. ಚುಕ್ಕಾಣಿ ಹಿಡ್ಕೋ."

"ನಾನಾ?"

"ನಂಗೆ ಕಾಣಲ್ಲ ಮಗಳೇ. ಮಳೆಯಿಂದ ಅಲ್ಲ. ಈ ವರ್ಷ ಪೂರ್ತಿ ಕಾಣ್ತಾ ಇಲ್ಲ."

ಸಾಲ್ಹಾ ಹಿಡಿಬಲೆ ಕೈಯಲ್ಲಿ ಹಿಡಿದೇ ತಿರುಗಿದಳು. ಮೂಗಿನಿಂದ ನೀರು ಇಳಿಯುತ್ತಿತ್ತು. ಏನೋ ಹೇಳಹೊರಟು, "ಆಮೇಲೆ ಮಾತಾಡ್ತೀನಿ ನಿನ್ ಹತ್ರ," ಎಂದಷ್ಟೇ ಹೇಳಿ ಮತ್ತೆ ನೀರಿಗೆ ಬಗ್ಗಿದಳು.

ವಿದಾದ್ ಚಂದ್ರಮುಕುಟವನ್ನು ನಿಧಾನವಾಗಿ ಸರಿಸಿ ಚುಕ್ಕಾಣಿ ಹಿಡಿದಳು. ಫರ್ಜಾನಿ ಪಕ್ಕದಲ್ಲಿ ಕೂತು ಅಲೆಯ ಬಡಿತವನ್ನು ಕೇಳಿಸಿಕೊಳ್ಳುತ್ತ ಹೇಳುತ್ತಿದ್ದ. "ಈಗ ವೇಗ ಇಳಿಸು. ಈ ಅಲೆಗೆ ಮೂತಿ ಕೊಡು. ಬಲಕ್ಕೆ ಬೆಟ್ಟದ ಭುಜ ಕಂಡ್ರೆ ಹೇಳು." ಅವಳು "ಕಾಣ್ತಿದೆ" ಎನ್ನುವಳು, ಅವನು "ಹಾಗಿದ್ರೆ ಅದನ್ನೇ ಹಿಡ್ಕೊಂಡು ಹೋಗು" ಎನ್ನುವನು. ಅವಳ ಕಣ್ಣು, ಅವನ ಕಿವಿ, ಹೀಗೆ ಅರ್ಧ ಗಂಟೆ ಸಾಗಿದರು. ಮುಂತುದಿಯ ಹದ್ದು ದಾರಿ ಕಾಯುವವನಂತೆ ಮಳೆಗೆ ಎದೆಕೊಟ್ಟು ಕೂತಿತ್ತು.

ಬಂದರಿನ ಬಾಯಿಯ ಹತ್ತಿರ ಜಲ್ಲೂಲ್‌ನ ದೋಣಿ ಜೊತೆಗೂಡಿತು. ಅವನೂ ಬೆಳಗ್ಗೆ ಮೀನಿನ ಬಲೆ ಎತ್ತಲು ಬಂದವನು. ಅವನ ದೋಣಿಯ ಅಂಚೂ ಹಕ್ಕಿಗಳಿಂದ ತುಂಬಿತ್ತು. ಉಣ್ಣೆ ಟೋಪಿಯ ಮೇಲೊಂದು ಬೆಳವ ಕೂತಿತ್ತು, ಅದಕ್ಕೆ ನೋವಾಗಬಾರದೆಂದು ಅವನು ಕತ್ತು ನೆಟ್ಟಗೆ ಮಾಡಿಕೊಂಡೇ ಕೂಗಿದ.

"ಭಾವಾ! ಅದು ಗಿಡುಗ ಅಲ್ವೇನೋ! ಕೈ ಮೇಲೇ ಕೂತಿದೆಯಲ್ಲೋ! ಕಟ್ಟೋ ಬೇಗ, ಕಾಲು ಕಟ್ಟು!"

ಫರ್ಜಾನಿ ಕೆಳಗೆ ನೋಡಿದ. ನೋಡಿ ಬೆಚ್ಚಿದ. ಗಿಡುಗದ ಎರಡೂ ಕಾಲಿಗೆ ತೊಗಲಿನ ಪಟ್ಟಿ ಬಿಗಿದಾಗಿತ್ತು, ಬಾರಿನ ತುದಿ ಅವನ ಬೆರಳ ಸಂದಿಯಲ್ಲಿತ್ತು. ಹಿಡಿಯುವ ಗಿಡುಗಕ್ಕೆಂದು ವಸಂತ ಪೂರ್ತಿ ಬಲ ಜೇಬಿನಲ್ಲಿ ಇಟ್ಟುಕೊಂಡು ತಿರುಗಿದ್ದ ಪಟ್ಟಿಗಳು. ಯಾವಾಗ ತೆಗೆದನೋ, ಯಾವಾಗ ಗಂಟು ಹಾಕಿದನೋ ನೆನಪೇ ಇರಲಿಲ್ಲ. ಮಗಳಿಗೆ ದಾರಿ ಹೇಳುತ್ತಿದ್ದಾಗ ಬಲಗೈ ತನ್ನ ಪಾಡಿಗೆ ತನ್ನ ಹಳೇ ಕೆಲಸ ಮುಗಿಸಿಬಿಟ್ಟಿತ್ತು.

ಬಂದರಿನ ಗೋಡೆಯ ಮರೆಗೆ ಬಂದಾಗ ಗಾಳಿ ಒಮ್ಮೆಲೇ ತಗ್ಗಿತು. ಊರಿನ ಅರ್ಧ ಜನ ಅಲ್ಲಿ ನಿಂತಿದ್ದರು. ಬಲೆಗಳ ರಾಶಿ, ದೋಣಿಗಳು, ಮೆಟ್ಟಿಲು, ಐಸ್ ಪೆಟ್ಟಿಗೆಗಳು, ಎಲ್ಲಿ ನೋಡಿದರೂ ಹಕ್ಕಿಗಳು. ಜನ ಕಾಲು ಎಳೆದುಕೊಂಡು, ತುಳಿಯದಂತೆ ನೋಡಿ ನೋಡಿ ನಡೆಯುತ್ತಿದ್ದರು. ಗಟ್ಟಿಯಾಗಿ ಮಾತಾಡುವವರೇ ಇಲ್ಲ. ಒಬ್ಬ ಮಾತ್ರ, ಬೇರೆ ಊರಿನಿಂದ ಮೀನು ಕೊಳ್ಳಲು ಬಂದವನು, ಗೋಣಿಚೀಲ ಹಿಡಿದು ಲಾವಕ್ಕಿಗಳನ್ನು ಕೈಯಿಂದಲೇ ಹೆಕ್ಕಿ ತುಂಬುತ್ತಿದ್ದ.

ಸಾಲ್ಹಾ ದೋಣಿಯಿಂದ ಹಾರಿದಳು.

"ಏಯ್! ಇಡು ಕೆಳಗೆ!"

"ಯಾಕಮ್ಮಾ? ನೀವೂ ತಿನ್ನಲ್ವಾ?"

"ತಿಂತೀವಿ. ಹೊಲದಲ್ಲಿ ಓಡ್ಸಿ, ಹಿಡಿದು ತಿಂತೀವಿ. ನಿನ್ ಮನೆ ಬಾಗಿಲಿಗೆ ನೆಂದ್ಕೊಂಡು ಬಂದವರನ್ನ ನೀನು ಕುಯ್ತೀಯೇನು? ಸುರಿ ಅಂದ್ನಲ್ಲ!"

ಅವನು ಸುತ್ತ ನೋಡಿದ. ಜನ ಒಬ್ಬೊಬ್ಬರಾಗಿ ಅವನ ಕಡೆ ತಿರುಗಿದ್ದರು. ಚೀಲವನ್ನು ಬೋರಲು ಹಾಕಿದ. ಲಾವಕ್ಕಿಗಳು ಹೊರಬಂದವು, ಓಡಲಿಲ್ಲ, ಅಲ್ಲೇ ಅವನ ಕಾಲ ಬುಡದಲ್ಲಿ ಕೂತವು.

ಜಲ್ಲೂಲ್ ಬಂದು ಭಾವನ ಕೈ ಮೇಲಿದ್ದುದನ್ನು ಹತ್ತಿರದಿಂದ ನೋಡಿ ಶಿಳ್ಳೆ ಹಾಕಿದ. ತಮಾಷೆಯ ದನಿ ಹೋಗಿತ್ತು. "ಇಂಥದ್ದನ್ನ ನಮ್ಮಪ್ಪನೂ ಕಂಡಿರಲಿಲ್ಲ ಭಾವ. ಇದರ ಮುಂದೆ ನಂದು ಕೋಳಿಮರಿ. ಗಡುವು ಇನ್ನೂ ಮುಗಿದಿಲ್ಲ, ಯಾರೂ ಏನೂ ಅನ್ನಲ್ಲ."

ಫರ್ಜಾನಿ ಬಾರಿನ ತುದಿಯನ್ನು ಬೆರಳಿಗೆ ಒಂದು ಸುತ್ತು ಸುತ್ತಿದ. ಆಸೆ ಇರಲಿಲ್ಲವೆಂದರೆ ಸುಳ್ಳು. ಗೋಧಿ ಹೊಲದ ಮೇಲೆ ಈ ಗಿಡುಗ ಬಾಣದಂತೆ ಹೊರಡುವುದು, ಕಾಫಿ ಅಂಗಡಿಯ ಮುಂದೆ ಇದನ್ನು ಹಿಡಿದು ಹಾದುಹೋಗುವುದು, ಎಲ್ಲ ಕಣ್ಣ ಮುಂದೆ ಬಂತು.

"ನಾನು ಇದನ್ನ ಹಿಡೀಲಿಲ್ಲ ಜಲ್ಲೂಲ್," ಎಂದ ಕೊನೆಗೆ. "ಬೆಟ್ಟದ ಮೇಲಾದ್ರೆ ನನ್ ಬಲೆ ನೋಡಿ ತಪ್ಪಿಸ್ಕೊಳ್ಬಹುದಿತ್ತು, ಇಲ್ಲಿ ಅದಕ್ಕೆ ಆ ದಾರಿನೂ ಇರಲಿಲ್ಲ. ನನ್ ಕೈನ ಮನುಷ್ಯನ ಕೈ ಅಂತ ಅಂದ್ಕೊಂಡು ಬಂದು ಕೂತಿದ್ದೂ ಅಲ್ಲ. ಇದನ್ನ ಇಟ್ಕೊಂಡು ನಾನು ಊರಲ್ಲಿ ಏನಂತ ತಿರುಗ್ಲಿ?"

ಅವನು ಗಂಟು ಬಿಚ್ಚಲು ಹೋದ. ಬಿಚ್ಚಲಾಗಲಿಲ್ಲ. ನೆನೆದ ತೊಗಲು ಬಿಗಿದುಕೊಂಡಿತ್ತು, ಚಳಿಗೆ ಬೆರಳು ಮರಗಟ್ಟಿದ್ದವು, ಕಣ್ಣಲ್ಲಿ ನೀರು ತುಂಬಿ ಹತ್ತಿರದ್ದೂ ಕಾಣದಾಗಿತ್ತು. ವಿದಾದ್ ಬಗ್ಗಿ, ಗಿಡುಗದ ಕೊಕ್ಕು ಕೆನ್ನೆಗೆ ತಾಗುವಷ್ಟು ಹತ್ತಿರ ಮುಖ ತಂದು, ಹಲ್ಲಿನಿಂದ ಒಂದು ಎಳೆ ಹಿಡಿದು ಜಗ್ಗಿದಳು. ಗಂಟು ಸಡಿಲಿತು. ಗಿಡುಗ ಅವಳ ಕೂದಲನ್ನು ಒಮ್ಮೆ ಕುತೂಹಲದಿಂದ ಕಚ್ಚಿ ಬಿಟ್ಟಿತು. ಫರ್ಜಾನಿ ಕೈಯನ್ನು ಕಲ್ಲುಗೋಡೆಯ ಒಂದು ಗೂಡಿಗೆ ಒಯ್ದ. ಅದು ಮೆಲ್ಲನೆ ಇಳಿದು, ಒಳಗೆ ಸರಿದು, ಬೆನ್ನು ಮಾಡಿ ನಿಂತಿತು.

ಸಂಜೆ ಮನೆಯಲ್ಲಿ ಮೀನು ಹಾಕಿದ ಗೋಧಿರವೆಯ ಕುಸ್ಕುಸ್ ಉಂಡರು. ಅಂಗಳದ ಆಲಿವ್ ಮರ ಹಕ್ಕಿಗಳ ಭಾರಕ್ಕೆ ಬಾಗಿತ್ತು. ಬಟ್ಟೆ ಒಣಗಿಸುವ ಹಗ್ಗದಲ್ಲಿ ಬಟ್ಟೆಗೆ ಜಾಗವಿರಲಿಲ್ಲ. ಸಾಲ್ಹಾ ತಡೆಹಿಡಿದಿದ್ದ ಮಾತನ್ನು ಆಗ ಬಿಚ್ಚಿದಳು.

"ವರ್ಷ ಪೂರ್ತಿ ಕಾಣ್ತಿಲ್ಲ. ವರ್ಷ ಪೂರ್ತಿ ನನ್ ಪಕ್ಕದಲ್ಲೇ ಕೂತು ಉಂಡಿದೀಯ. ನಾಲಿಗೆ ಏನಾಗಿತ್ತು ನಿಂದು?"

"ಹೇಳಿದ್ರೆ ಬೆಟ್ಟಕ್ಕೆ ಬಿಡ್ತಿದ್ಯಾ?"

"ಬಿಡ್ತಿರಲಿಲ್ಲ."

"ಅದಕ್ಕೇ."

ವಿದಾದ್ ತಟ್ಟೆ ಸರಿಸಿ ಹೇಳಿದಳು. "ಸೋಮವಾರ ನಬೂಲ್‌ಗೆ ಹೋಗ್ತೀವಿ. ನಮ್ ಶಾಲೆಯ ಮೇಡಂ ಒಬ್ರ ತಾಯಿಗೆ ಅಲ್ಲಿನ ಆಸ್ಪತ್ರೇಲೇ ಕಣ್ಣಿನ ಪೊರೆ ತೆಗೆದ್ರು. ಅರ್ಧ ಗಂಟೆ ಕೆಲಸ ಅಂತೆ ಬಾಬಾ." ಬೇರೆ ದಿನವಾಗಿದ್ದರೆ ಫರ್ಜಾನಿ ನೂರು ನೆಪ ಹೇಳುತ್ತಿದ್ದ. ಈಗ "ಆಯ್ತು" ಎಂದು ಮೀನಿನ ಮುಳ್ಳು ಬಿಡಿಸತೊಡಗಿದ. ಅವನ ಎಡಗೈ ಮಾತ್ರ ಮಡಿಲಿನಲ್ಲಿ ಸ್ವಲ್ಪ ಎತ್ತಿಕೊಂಡೇ ಇತ್ತು, ಇನ್ನೂ ಏನೋ ಕೂತಿದೆ ಎಂಬಂತೆ.

ಮರುದಿನ ಆಕಾಶ ತೊಳೆದಿಟ್ಟಂತಿತ್ತು. ದಕ್ಷಿಣದ ಗಾಳಿ ಮರಳಿತ್ತು. ಬಿಸಿಲು ಏರಿ ಕಲ್ಲುಗಳು ಬೆಚ್ಚಗಾಗುವ ಹೊತ್ತಿಗೆ ಮೂವರೂ ಬಂದರಿಗೆ ಇಳಿದರು. ಊರಿನವರೆಲ್ಲ ಅಲ್ಲಿದ್ದರು, ಹಬ್ಬದ ನಮಾಜಿಗೆ ಸೇರಿದವರ ಹಾಗೆ ಸಾಲುಸಾಲಾಗಿ, ಸದ್ದಿಲ್ಲದೆ.

ಮೊದಲು ಹೋದವು ಸಣ್ಣವು. ಗೋಡೆಯ ಮೇಲಿನಿಂದ ಒಂದು ಹಿಡಿ ಧೂಳು ತೂರಿದಂತೆ ಎದ್ದವು. ಆಮೇಲೆ ಬೆಳವಗಳು ಎದ್ದವು. ಆಮೇಲೆ ಬೆಟ್ಟದ ಇಳಿಜಾರಿನಲ್ಲಿ, ಪೊದೆಗಳಲ್ಲಿ, ಹೊಲದ ಬದುಗಳಲ್ಲಿ ಇದ್ದ ದೊಡ್ಡ ಹದ್ದುಗಳೆಲ್ಲ ಒಟ್ಟಿಗೆ ರೆಕ್ಕೆ ಬಿಚ್ಚಿದವು. ನೆಲವೇ ಎದ್ದು ನಿಂತಿತೇನೋ ಎಂದು ಜನ ಹಿಂದಕ್ಕೆ ಸರಿದರು. ಸಾವಿರಾರು ರೆಕ್ಕೆಗಳ ಸದ್ದು ದೂರದಲ್ಲಿ ದೊಡ್ಡ ಹಾಯಿಗಳನ್ನು ಬಿಚ್ಚಿದಂತೆ ಕೇಳಿಸಿತು. ಅವು ಸುತ್ತುತ್ತ, ಸುತ್ತುತ್ತ ಮೇಲೇರಿದವು.

"ಬಾಬಾ, ನಾನು ಹೇಳ್ತೀನಿ ಕೇಳು," ಎಂದಳು ವಿದಾದ್. "ಈಗ ಬೆಟ್ಟದ ಮೇಲೆ..."

"ಬೇಡ," ಎಂದ ಫರ್ಜಾನಿ. "ಕಾಣ್ತಾ ಇದೆ."

ಅವನು ಮೇಲೆ ನೋಡುತ್ತಿರಲಿಲ್ಲ. ತಲೆ ತಗ್ಗಿಸಿ ಕಾಲ ಬುಡದ ಬಿಳಿ ಮರಳನ್ನು ನೋಡುತ್ತಿದ್ದ. ಅಲ್ಲಿ ನೆರಳುಗಳು ಹರಿಯುತ್ತಿದ್ದವು. ಅಗಲ ರೆಕ್ಕೆಯವು, ಚೂಪು ರೆಕ್ಕೆಯವು, ಕವಲುಬಾಲದವು, ಒಂದನ್ನೊಂದು ದಾಟಿಕೊಂಡು ಅವನ ಬೂಟಿನ ಮೇಲೆ ಹತ್ತಿ ಇಳಿದು, ಸಾಲ್ಹಾಳ ಲಂಗದ ಅಂಚಿನ ಮೇಲೆ ಹಾದು, ನೀರಿನ ಕಡೆ ಸಾಗುತ್ತಿದ್ದವು. ಸಾಲ್ಹಾಳೂ ತಲೆ ತಗ್ಗಿಸಿ ನೋಡಿದಳು. ವಿದಾದಳೂ ನೋಡಿದಳು. ಜಲ್ಲೂಲ್ ಹತ್ತಿರ ಬಂದು ಇವರೇನು ಬೀಳಿಸಿಕೊಂಡು ಹುಡುಕುತ್ತಿದ್ದಾರೆಂದು ಬಗ್ಗಿದವನು ಹಾಗೇ ನಿಂತುಬಿಟ್ಟ. ಗಿಡುಗ ಗೂಡಿನಿಂದ ಯಾವಾಗ ಎದ್ದಿತೋ, ಆ ನೆರಳುಗಳಲ್ಲಿ ಅದರದ್ದು ಯಾವುದೋ, ಯಾರಿಗೂ ತಿಳಿಯಲಿಲ್ಲ. ಮರಳಿನ ಮೇಲೆ ಕೊನೆಯ ನೆರಳು ಹಾದುಹೋಗುವುದಕ್ಕೆ ಮುಕ್ಕಾಲು ಗಂಟೆ ಹಿಡಿಯಿತು. ಅಲ್ಲಿಯವರೆಗೆ ಆ ನಾಲ್ವರಲ್ಲಿ ಒಬ್ಬರೂ ಕಾಲು ಕದಲಿಸಲಿಲ್ಲ.